ಆರನೇ ವಾರ ಹಣ್ಣಾದ ಹುಳು

ನನ್ನ ಬಲಗಣ್ಣಿನ ಒಳಗೆ ಒಂದು ನಳಿಕೆ ಇದೆ. ಮೇಲಿನ ರೆಪ್ಪೆ ಎತ್ತಿ ಬೆಳಕಿಗೆ ಮುಖ ಕೊಟ್ಟರೆ ಕರಿಗುಡ್ಡೆಯ ಅಂಚಿನಲ್ಲಿ ಹೊಲಿಗೆ ದಾರದ ತುಂಡಿನ ಹಾಗೆ ಚೂರು ಕಾಣುತ್ತದೆ. ನಮ್ಮ ಬೀದಿಯ ಮಕ್ಕಳಿಗೆ ಅದನ್ನು ನೋಡುವುದೆಂದರೆ ಬಲು ಖುಷಿ. ಯಾರಾದರೂ ಹೊಸ ಮಗು ಬೇರೆ ಊರಿಂದ ಬಂದರೆ ಕೈ ಹಿಡಿದು ಎಳೆದುಕೊಂಡು ಬಂದು ನನ್ನ ಮುಂದೆ ನಿಲ್ಲಿಸುತ್ತವೆ. ನಾನೂ ಬೇಜಾರು ಮಾಡಿಕೊಳ್ಳದೆ ರೆಪ್ಪೆ ಎತ್ತಿ ತೋರಿಸುತ್ತೇನೆ. ಎಡಗಣ್ಣನ್ನು ಯಾರೂ ಕೇಳುವುದಿಲ್ಲ. ಅದು ನೋಡುವುದಕ್ಕೆ ಚೆನ್ನಾಗಿಯೇ ಇದೆ, ಆದರೆ ಅದಕ್ಕೆ ಏನೂ ಕಾಣುವುದಿಲ್ಲ.

ಈಗಲೂ ಕೋಲಾರದ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಪಕ್ಕದವರು ಕೇಳುತ್ತಾರೆ, ಆಪರೇಷನ್ ಅಂದಾಗ ನಿಮಗೆ ಹೆದರಿಕೆ ಆಗಲಿಲ್ಲವಾ ಎಂದು. ನಿಜ ಹೇಳಬೇಕೆಂದರೆ ಹೆದರಿಕೆ ಬಹಳ ಇರಲಿಲ್ಲ. ಕಾಲು ಮಡಿಸಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆಯವರ ಕಾಲು ಅನ್ನಿಸುತ್ತದಲ್ಲ, ಹಾಗೆ ನನ್ನ ಮನಸ್ಸಿಗೆ ಜೋಮು ಹಿಡಿದಿತ್ತು. ಅದೂ ಒಂದೆರಡು ದಿನವಲ್ಲ, ವರ್ಷಗಟ್ಟಲೆ. ಹೀಗೂ ಆಗುತ್ತದೆ ಎಂದು ಆಗ ನನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮುಳಬಾಗಿಲು ತಾಲ್ಲೂಕಿನ ಬೈರಕೂರು ಕಡೆ. ನಾನು ಹುಟ್ಟಿದ್ದು ಶ್ರೀನಿವಾಸಪುರದ ಯಲ್ದೂರಿನ ಹತ್ತಿರ, ಅಜ್ಜಿಯ ಮಡಿಲಲ್ಲಿ ಮಾತು ಕಲಿತವಳು. ಮದುವೆಯಾಗಿ ಬಂದ ಮನೆಯಲ್ಲಿ ಹಿಪ್ಪುನೇರಳೆ ತೋಟ, ವರ್ಷಕ್ಕೆ ನಾಲ್ಕೈದು ಬೆಳೆ ರೇಷ್ಮೆ ಹುಳು. ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಇಡುವ ಮುಂಚೆ ಹುಳುವಿನ ಮನೆಯನ್ನು ಫಾರ್ಮಲಿನ್ ಹಾಕಿ ತೊಳೆಯಬೇಕು. ಆ ಔಷಧದ ಘಾಟಿಗೆ ಕಣ್ಣು ಕೆಂಪಾಗಿ ಮೆಣಸಿನಕಾಯಿ ಉಜ್ಜಿದ ಹಾಗೆ ಉರಿಯುತ್ತದೆ. ನನ್ನ ಮದುವೆಯಾದ ಹೊಸದರಲ್ಲಿ, ಅಂದರೆ ಎಪ್ಪತ್ತರ ದಶಕದ ನಡುವಿನಲ್ಲಿ, ಪೇಟೆಯ ಔಷಧದ ಅಂಗಡಿಯವನೊಬ್ಬ ಒಂದು ಡ್ರಾಪ್ಸ್ ಕೊಟ್ಟ. ನೀರು ಬೆರೆಸಿದ ಹಾಲಿನ ಹಾಗೆ ಬೆಳ್ಳಗಿರುತ್ತಿತ್ತು, ಅಲುಗಾಡಿಸಿ ಹಾಕಬೇಕು. ಎರಡು ತೊಟ್ಟು ಬಿದ್ದರೆ ಸಾಕು, ಉರಿಯೆಲ್ಲಾ ಇಳಿದು ಕಣ್ಣಿಗೆ ಬೆಣ್ಣೆ ಇಟ್ಟ ಹಾಗೆ. ಮನೆಯವರೆಲ್ಲರಿಗೂ ಒಂದೇ ಬಾಟಲಿ, ದೀಪದ ಗೂಡಿನಲ್ಲಿ. ನಮ್ಮ ಯಜಮಾನರು ನೆನಪಾದಾಗ ಹಾಕಿಕೊಳ್ಳುವರು, ಅತ್ತೆ ಮರೆತೇಬಿಡುವರು. ನಾನು ಮಾತ್ರ ಉರಿ ಇದ್ದರೂ ಹಾಕಿದೆ, ಇಲ್ಲದಿದ್ದರೂ ಹಾಕಿದೆ. ನಾಲ್ಕೈದು ವರ್ಷ ಹಾಕಿದೆ. ಆ ತಂಪು ಅಷ್ಟು ಇಷ್ಟವಾಗಿತ್ತು.

ಆಮೇಲೆ ನಾನು ಬಾಗಿಲಿಗೆ ಹಾಯುವುದಕ್ಕೆ ಶುರುಮಾಡಿದೆ. ಎಡ ಭುಜ ಯಾವಾಗಲೂ ಕಂದಿರುತ್ತಿತ್ತು. ನಮ್ಮ ಅತ್ತೆ ಮುನಿವೆಂಕಟಮ್ಮ ಪುಂಗನೂರು ಕಡೆಯಿಂದ ಬಂದವರು, ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವರು. ಒಂದು ದಿನ ಸೊಪ್ಪಿನ ಮಂಕರಿ ಸಮೇತ ನಾನು ಬಾಗಿಲಿಗೆ ಡಿಕ್ಕಿ ಹೊಡೆದಾಗ, ಒಲೆಯ ಮುಂದಿನಿಂದಲೇ ಹೇಳಿದರು:

“ಏಮೇ, ಬಾಗಿಲು ನಿನ್ನೆ ಎಲ್ಲಿತ್ತೋ ಇವತ್ತೂ ಅಲ್ಲೇ ಐತೆ ಕಣೇ.”

ನಾನು ನಕ್ಕೆ. ಅವರೂ ನಕ್ಕರು. ಎಡಗಣ್ಣು ಹೋಗುತ್ತಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಕಡೆಗೊಮ್ಮೆ ತೋರಿಸಲು ಹೋದಾಗ ಕೋಲಾರದ ಡಾಕ್ಟರು ಬಲಗಣ್ಣು ಮುಚ್ಚಿಸಿ, ಏನು ಕಾಣುತ್ತದೆ ಎಂದು ಕೇಳಿದರು. ಏನೂ ಕಾಣಲಿಲ್ಲ. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನರ ಸತ್ತುಹೋಗಿದೆ, ಎಡಗಣ್ಣು ಇನ್ನು ಬರುವುದಿಲ್ಲ, ಬಲಗಣ್ಣಿಗೂ ಶುರುವಾಗಿದೆ, ಗ್ಲಾಕೋಮಾ ಎನ್ನುತ್ತಾರೆ ಎಂದರು. ಏನಾದರೂ ಔಷಧ ಹಾಕುತ್ತಿದ್ದೀಯಾ ಎಂದು ಕೇಳಿದಾಗ, ಬಿಳಿ ಡ್ರಾಪ್ಸಿನ ಸುದ್ದಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಎಲ್ಲರಿಗೂ ಹೀಗಾಗುವುದಿಲ್ಲವಮ್ಮ, ಕೆಲವರ ಕಣ್ಣಿಗೆ ಅದು ಆಗುವುದಿಲ್ಲ, ಹೇಳದೆ ಕೇಳದೆ ವರ್ಷಗಟ್ಟಲೆ ಹಾಕಬಾರದಿತ್ತು ಎಂದರು. ಒಂದು ಕಣ್ಣು ಹೋಯಿತು ಎಂದು ಕೇಳಿದ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ನಾಲ್ಕು ಗಂಟೆಯ ಬಸ್ಸು. ಅದು ತಪ್ಪಿದರೆ ಮುಳಬಾಗಿಲಿನಿಂದ ನಡೆಯಬೇಕಲ್ಲ ಎಂಬ ಯೋಚನೆ. ಬಸ್ಸು ಸಿಕ್ಕಿತು. ಮನೆಗೆ ಬಂದು ಹುಳುವಿಗೆ ಸೊಪ್ಪು ಹಾಕಿದೆ.

ಬಲಗಣ್ಣಿಗೆ ಮುಂದಿನ ಕೆಲವು ವರ್ಷಗಳಲ್ಲಿ ಎರಡು ಸಲ ಆಪರೇಷನ್ ಆಯಿತು. ಒಳಗಿನ ನೀರು ಹೊರಗೆ ಜಿನುಗುವುದಕ್ಕೆ ಕಿಂಡಿ ಮಾಡುತ್ತಾರೆ. ಎರಡು ಸಲವೂ ಗಾಯ ಕೂಡಿಕೊಂಡು ಕಿಂಡಿ ಮುಚ್ಚಿಹೋಯಿತು. ನೋಟ ಸುತ್ತಲಿಂದಲೂ ಮುದುರಿಕೊಳ್ಳುತ್ತಾ ಬಂತು. ಕಡೆಗೆ ಕೋಲಾರದ ಡಾಕ್ಟರೇ ಕಾಗದ ಬರೆದುಕೊಟ್ಟು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅದು ಎಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಹೊರದೇಶದಿಂದ ತರಿಸುವ ಒಂದು ನಳಿಕೆಯನ್ನು ಕಣ್ಣಿಗೆ ಹಾಕುವ ಡಾಕ್ಟರೊಬ್ಬರು ಅಲ್ಲಿದ್ದರು.

ಆ ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ಸಿಕ್ಕವರು ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಒಬ್ಬ ತಾತ. ಅವರಿಗೆ ಆಗಲೇ ನಳಿಕೆ ಹಾಕಿ ಎಂಟು ತಿಂಗಳಾಗಿತ್ತು. ನಾವು ನಳಿಕೆಯ ವಿಷಯ ಮಾತಾಡುವುದನ್ನು ಕೇಳಿ ಅವರೇ ಮಾತಿಗೆ ಶುರುಮಾಡಿದರು.

“ನಮ್ಮ ಬೀದಿಗೆ ಇನ್ನೂ ಕೊಳಾಯಿ ಬಂದಿಲ್ಲ ಕಣಮ್ಮ. ನನ್ನ ಕಣ್ಣಿಗೆ ಬಂದೈತೆ.”

ನಮ್ಮ ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ, ಆದರೆ ತಾತ ಇಷ್ಟವಾದರು. ಈಗ ಯಾಕೆ ಬಂದಿದ್ದೀರಿ ಎಂದು ಕೇಳಿದೆ. ಅವರಿಗೆ ಸಕ್ಕರೆ ಕಾಯಿಲೆಯಂತೆ, ಗಾಯ ಸರಿಯಾಗಿ ಕೂಡಲಿಲ್ಲವಂತೆ, ನಳಿಕೆಯ ಮೇಲಿನ ಪೊರೆ ಸವೆದು ಅದು ಹೊರಗೆ ಇಣುಕುತ್ತಿದೆಯಂತೆ. ಕೀವು ಸೇರಿದರೆ ಕಣ್ಣೇ ತೆಗೆಯಬೇಕಾಗುತ್ತದಂತೆ. ಇದನ್ನೆಲ್ಲಾ ಅವರು ಯಾರದೋ ಮನೆಯ ಹಂಚು ಜಾರಿದ ಸುದ್ದಿಯ ಹಾಗೆ ಹೇಳಿದರು. ಒಳಗಿಂದ ಹೆಸರು ಕೂಗಿದಾಗ ಗೋಡೆ ಹಿಡಿದು ಎದ್ದು, ನನ್ನ ತಲೆ ಎಲ್ಲಿದೆ ಎಂದು ಕೈಯಲ್ಲಿ ಹುಡುಕಿ, ಮುಟ್ಟಿ, “ಬರ್ತೀನಮ್ಮ” ಎಂದು ಹೋದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ದೊಡ್ಡ ಡಾಕ್ಟರು ಒಳ್ಳೆಯ ಮನುಷ್ಯ. ಅವರ ಜೊತೆ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬರೆದುಕೊಳ್ಳುತ್ತಾ ಇರುತ್ತಿದ್ದರು. ದೊಡ್ಡ ಡಾಕ್ಟರು ನನ್ನ ಮುಂದೆ ಕೈ ಅಗಲಿಸಿ ಒಂದೊಂದೇ ಬೆರಳು ಮಡಿಸಿದರು. ನಿನ್ನ ಕಣ್ಣನ್ನು ಆಗಲೇ ಎರಡು ಸಲ ಕುಯ್ದಿದ್ದಾರೆ, ಪೊರೆ ಗಡುಸಾಗಿದೆ, ಅದೊಂದು. ನಿನಗೆ ಇನ್ನೂ ವಯಸ್ಸು ಚಿಕ್ಕದು, ಚಿಕ್ಕ ವಯಸ್ಸಿನ ಮೈ ಗಾಯ ಮುಚ್ಚುವುದಕ್ಕೆ ಆತುರಪಡುತ್ತದೆ, ಮುಚ್ಚಬಾರದ್ದನ್ನೂ ಮುಚ್ಚುತ್ತದೆ, ಅದೆರಡು. ಇರುವುದೇ ಒಂದು ಕಣ್ಣು, ತಪ್ಪಿದರೆ ಇನ್ನೊಂದಿಲ್ಲ, ಅದು ಮೂರು. ನಳಿಕೆಯ ಬಾಯಿಗೆ ಒಂದು ದಾರ ಕಟ್ಟಿರುತ್ತೇವೆ, ಐದು ಆರು ವಾರಕ್ಕೆ ಅದು ತಾನೇ ಕರಗಿ ಬಿಚ್ಚಿಕೊಳ್ಳುತ್ತದೆ, ಆಗ ಕಣ್ಣಿನ ಒತ್ತಡ ಒಂದೇ ಸಲ ಇಳಿಯುತ್ತದೆ, ಆ ವಾರ ಬಲು ಸೂಕ್ಷ್ಮ, ಅದು ನಾಲ್ಕು. ಹೆಬ್ಬೆಟ್ಟು ಉಳಿಯಿತು.

“ಇದು ನಿನ್ನ ಕೈಲಿದೆ,” ಎಂದರು. “ಭಾರ ಎತ್ತಬಾರದು. ತಲೆ ಬಗ್ಗಿಸಬಾರದು. ಜೋರಾಗಿ ಕೆಮ್ಮಬಾರದು, ತಿಣುಕಬಾರದು. ಆರನೇ ವಾರ ಮಹಾರಾಣಿ ಹಾಗೆ ಕೂತಿರು.”

ದಾರ ಎಂದಾಗ ನನಗೆ ಒಂದು ಕುತೂಹಲ ಬಂತು. ಅದು ರೇಷ್ಮೆಯದ್ದಾ ಎಂದು ಕೇಳಿದೆ. ಡಾಕ್ಟರಮ್ಮ ತಲೆಯೆತ್ತಿ ನೋಡಿ, ಅಲ್ಲ, ರೇಷ್ಮೆ ಕರಗುವುದಿಲ್ಲ ಎಂದರು. ಅದು ನನಗೂ ಗೊತ್ತಿತ್ತು.

ಆಪರೇಷನ್ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಮುಖದ ಮೇಲೆ ಹಸಿರು ಬಟ್ಟೆ, ಸ್ಪಿರಿಟ್ಟಿನ ವಾಸನೆ, ಯಾರೋ ತಟ್ಟೆಯಲ್ಲಿ ಚಿಮಟ ಇಡುವ ಸದ್ದು. ಪಟ್ಟಿ ಬಿಚ್ಚಿದಾಗ ಎದುರಿಗೆ ಕಿಟಕಿ ಇದೆ ಎಂದು ಗೊತ್ತಾಯಿತು. ಅಷ್ಟು ಸಾಕು, ಮಿಕ್ಕಿದ್ದು ನಿಧಾನವಾಗಿ ಬರುತ್ತದೆ ಎಂದರು. ಇಬ್ಬರು ಹೆಣ್ಣುಮಕ್ಕಳನ್ನು ನನ್ನ ತವರಲ್ಲಿ ಬಿಟ್ಟಿದ್ದೆವು. ಎರಡು ವಾರ ಕಳೆದು ಊರಿಗೆ ಬಂದಾಗ ಮನೆಯಲ್ಲಿ ನಾನು, ಯಜಮಾನರು, ಅತ್ತೆ. ಮತ್ತೆ ಆಗಷ್ಟೇ ಮೊಟ್ಟೆಯೊಡೆದ ಹುಳು.

ಹುಳುವಿನ ಮನೆಗೆ ನಮ್ಮಲ್ಲಿ ಮಡಿ ಇದೆ. ಮುಟ್ಟಾದವರು ಹೋಗುವ ಹಾಗಿಲ್ಲ, ಸಾವಿನ ಮನೆಗೆ ಹೋಗಿಬಂದವರು ಹೋಗುವ ಹಾಗಿಲ್ಲ, ಹೊರಗಿನವರು ಬಾಗಿಲಲ್ಲೂ ನಿಲ್ಲುವ ಹಾಗಿಲ್ಲ. ನಾನು ಬಂದ ದಿನವೇ ಅತ್ತೆ ಅಡ್ಡ ನಿಂತರು. ಆಸ್ಪತ್ರೆ ಗಾಳಿ ಹುಳುವಿಗೆ ಆಗುವುದಿಲ್ಲ, ನಿನ್ನ ಔಷಧದ ವಾಸನೆಗೆ ಸಪ್ಪೆ ರೋಗ ಬರುತ್ತದೆ, ಜಗಲಿಯಲ್ಲಿ ಕೂತಿರು ಎಂದರು. ಹದಿನಾಲ್ಕು ವರ್ಷ ಆ ಹುಳುವಿಗೆ ಸೊಪ್ಪು ಕತ್ತರಿಸಿ ಹಾಕಿದವಳು ನಾನು. ಮೊದಲ ಜ್ವರದಿಂದ ನಾಲ್ಕನೇ ಜ್ವರದವರೆಗೆ, ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ, ಪ್ರತಿಯೊಂದು ತಟ್ಟೆಯನ್ನೂ ನನ್ನ ಕೈ ತಿರುಗಿಸಿತ್ತು. ಈಗ ಜಗಲಿಯ ಕಂಬಕ್ಕೆ ಒರಗಿ, ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು, ಗೋಡೆಯ ಆಚೆ ಹುಳು ಸೊಪ್ಪು ಮೇಯುವ ಸದ್ದು ಕೇಳುತ್ತಾ ಕೂರಬೇಕಾಯಿತು. ಸಣ್ಣ ಮಳೆ ಎಲೆಗಳ ಮೇಲೆ ಬಿದ್ದ ಹಾಗೆ ಸದ್ದು. ಊಟದ ತಟ್ಟೆ ಬರುತ್ತಿತ್ತು, ತಿನ್ನುತ್ತಿದ್ದೆ. ಡ್ರಾಪ್ಸ್ ಹಾಕುತ್ತಿದ್ದರು, ಹಾಕಿಸಿಕೊಳ್ಳುತ್ತಿದ್ದೆ. ಯಾರಾದರೂ ಹೇಗಿದ್ದೀಯಾ ಎಂದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದೆ. ಮನೆಯಲ್ಲಿ ಒಂದು ಮೂಟೆ ಇದ್ದ ಹಾಗೆ ಇದ್ದೆ.

ಇಂದು ಯೋಚಿಸಿದರೆ, ಅತ್ತೆಯ ಆ ಮಡಿಯೇ ನನ್ನ ಕಣ್ಣನ್ನು ಅಷ್ಟು ದಿನ ಕಾಪಾಡಿದ್ದು. ಆಗ ಅದು ಅವಮಾನ ಎನ್ನಿಸಿತ್ತು. ಅವಮಾನ ಎಂದೂ ಪೂರ್ತಿ ಅನ್ನಿಸಲಿಲ್ಲ, ಅದೂ ಜೋಮಿನ ಒಳಗೇ ಇತ್ತು.

ಆರನೇ ವಾರ ಹುಳು ಹಣ್ಣಾಯಿತು.

ರೇಷ್ಮೆ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಕ್ಕವರಿಗೆ ಹೇಳುತ್ತೇನೆ. ಇಪ್ಪತ್ತಾರು ಇಪ್ಪತ್ತೇಳು ದಿನ ಮೇದ ಹುಳು ಒಂದು ದಿನ ಮೇಯುವುದನ್ನು ನಿಲ್ಲಿಸುತ್ತದೆ. ಮೈ ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಹಣ್ಣಾದದ್ದನ್ನು ಒಂದೊಂದೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವುದಕ್ಕೆಂದೇ ಬಿದಿರಿನಲ್ಲಿ ಸುತ್ತಿದ ತಟ್ಟಿಗೆ, ಬಿಡಬೇಕು. ಬಿಡದಿದ್ದರೆ ತಟ್ಟೆಯಲ್ಲೇ ನೂಲು ಉಗುಳಿ ಹಾಳಾಗುತ್ತದೆ. ಹುಳು ಯಾರಿಗೂ ಕಾಯುವುದಿಲ್ಲ. ಊರಿನವರೆಲ್ಲಾ ಒಟ್ಟಿಗೇ ಮೊಟ್ಟೆ ತಂದಿದ್ದರಿಂದ ಎಲ್ಲರ ಮನೆಯಲ್ಲೂ ಒಂದೇ ದಿನ ಹಣ್ಣಾಯಿತು, ಕರೆದರೆ ಬರುವ ಆಳು ಒಬ್ಬರೂ ಇರಲಿಲ್ಲ. ಅಷ್ಟೂ ತಟ್ಟೆಗಳಿಗೆ ಇಬ್ಬರೇ, ಯಜಮಾನರು ಮತ್ತು ಅತ್ತೆ.

ಬೆಳಿಗ್ಗೆ ನಾನು ಜಗಲಿಯಲ್ಲಿದ್ದೆ. ಗೋಡೆಯ ಆಚೆಯ ಸದ್ದು ನಿಂತಿತ್ತು. ಅತ್ತೆ ಬಾಗಿಲಿಗೆ ಬಂದು ನಿಂತರು. ಅವರ ಸೀರೆಯ ಅಂಚು ನನಗೆ ಕಾಣುತ್ತಿತ್ತು. ನನಗಲ್ಲ ಎನ್ನುವ ಹಾಗೆ, ಅಂಗಳದ ಕಡೆ ನೋಡುತ್ತಾ ಹೇಳಿದರು:

“ಹಣ್ಣಾದ ಹುಳಕ್ಕೆ ಇನ್ನ ಯಾವ ಗಾಳೀನೂ ತಾಕಲ್ಲ.”

ನಾನು ಎದ್ದೆ. ನನ್ನನ್ನು ಯಾರೂ ಎಬ್ಬಿಸಲಿಲ್ಲ. ಆರನೇ ವಾರ ಎಂಬುದು ನನಗೆ ನೆನಪಿತ್ತು, ಹೆಬ್ಬೆಟ್ಟೂ ನೆನಪಿತ್ತು. ಆದರೆ ನಮ್ಮಲ್ಲಿ ಹುಳು ಆರಿಸುವುದನ್ನು ಯಾರೂ ಕೆಲಸದ ಲೆಕ್ಕಕ್ಕೆ ಸೇರಿಸುವುದಿಲ್ಲ. ಬಾಣಂತಿಯೂ ಆರಿಸುತ್ತಾಳೆ, ಕೈ ನಡುಗುವ ಮುದುಕಿಯೂ ಆರಿಸುತ್ತಾಳೆ. ನೀರು ಹೊರುವುದು ಕೆಲಸ, ಸೊಪ್ಪು ಹೊರುವುದು ಕೆಲಸ. ಇದು ಕೂತುಕೊಂಡು ಮಾಡುವಂಥದ್ದು. ಒಂದು ಹುಳುವಿಗೆ ಎಷ್ಟು ಭಾರ? ಹಾಗೆಂದು ನನಗೆ ನಾನೇ ಹೇಳಿಕೊಂಡು ಒಳಗೆ ಹೋದೆ.

ತಟ್ಟೆ ನೆಲದ ಮೇಲೆ, ನಾನು ಅದರ ಮುಂದೆ ಮಣೆಯ ಮೇಲೆ. ನನ್ನ ಕಣ್ಣಿಗೆ ಹೊಂಬಣ್ಣವೂ ಒಂದೇ, ಬಿಳಿಯೂ ಒಂದೇ. ಆದರೆ ಬೆರಳಿಗೆ ಗೊತ್ತಾಗುತ್ತಿತ್ತು. ಹಣ್ಣಾದ ಹುಳು ಸ್ವಲ್ಪ ಗಿಡ್ಡವಾಗಿ, ಮೆತ್ತಗೆ, ತಣ್ಣಗಿರುತ್ತದೆ. ಹಣ್ಣಾಗದ್ದು ಬೆರಳನ್ನು ತಳ್ಳುತ್ತದೆ. ನಾನು ಆರಿಸುವ ವೇಗ ನೋಡಿ ಯಜಮಾನರು, ನಮಗಿಂತ ಇವಳಿಗೇ ಚೆನ್ನಾಗಿ ಕಾಣ್ತದೆ ಎಂದರು. ಅತ್ತೆ ನನ್ನ ಪಕ್ಕಕ್ಕೆ ಇನ್ನೊಂದು ತಟ್ಟೆ ಸರಿಸಿದರು. ಆ ಎರಡು ದಿನ ನನ್ನ ಜೋಮು ಬಿಟ್ಟಿತ್ತು ಎಂದೇ ಹೇಳಬೇಕು. ಕೈತುಂಬ ಜೀವ ಹರಿದಾಡುತ್ತಿತ್ತು. ತಲೆ ಬಗ್ಗಿಸಿದ್ದೇನೆ ಎಂಬುದು ಮರೆತುಹೋಗಿತ್ತೋ, ನಾನೇ ಮರೆಸಿದ್ದೆನೋ, ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ.

ಎರಡನೇ ದಿನ ಮಧ್ಯಾಹ್ನ, ಕಡೆಯ ತಟ್ಟೆಗಳ ಹೊತ್ತಿಗೆ, ಕಣ್ಣಿನ ಹಿಂದೆ ಯಾರೋ ಒಂದು ಕಲ್ಲನ್ನು ಒಳಗಿಂದ ಹೊರಕ್ಕೆ ನೂಕಿದ ಹಾಗಾಯಿತು. ವಾಂತಿ ಬಂತು. ಗೋಡೆಗೆ ಒರಗಿದೆ. ನನ್ನ ನೋಟದ ಒಂದು ಬದಿಯಿಂದ ಕಪ್ಪು ದಿಣ್ಣೆಯೊಂದು ಎದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯಿಂದಲೂ ಒಂದು. ನಡುವೆ ಕಿರುದಾರಿಯಷ್ಟು ಬೆಳಕು.

ಅತ್ತೆ ನನ್ನ ಮುಖ ಎತ್ತಿ ಹಿಡಿದು ಏನಾಯಿತೇ ಏನಾಯಿತೇ ಎಂದು ಕೇಳುತ್ತಿದ್ದರು. ಹಣೆಗೆ ಅವರ ಕೈಗಂಟಿದ ನೂಲು ತಾಗುತ್ತಿತ್ತು. ಕತ್ತಲಾಗ್ತಾ ಇದೆ ಎಂದೆ. ಎಷ್ಟು ಸಮಾಧಾನವಾಗಿ ಹೇಳಿದೆನೆಂದರೆ ಅವರು ಹೊರಗೆ ಮೋಡ ನೋಡಿದರು.

ಮಿಕ್ಕ ತಟ್ಟೆಗಳನ್ನು ಅತ್ತೆಗೆ ಬಿಟ್ಟು ನಾವಿಬ್ಬರೂ ಬಸ್ಸು ಹತ್ತಿದೆವು. ಕೋಲಾರದ ಡಾಕ್ಟರು ಟಾರ್ಚು ಹಾಕಿ ನೋಡಿ, ಕೂತುಕೊಳ್ಳಲೂ ಬಿಡದೆ ಬೆಂಗಳೂರಿಗೆ ಕಳಿಸಿದರು. ಅಲ್ಲಿ ದೊಡ್ಡ ಡಾಕ್ಟರು ಹೊರಡುವುದಕ್ಕೆ ಎದ್ದಿದ್ದವರು ನನ್ನನ್ನು ಕಂಡು ಮತ್ತೆ ಕೂತರು. ಬಹಳ ಹೊತ್ತು ನೋಡಿದರು. ಕಣ್ಣಿನಲ್ಲಿ ಒತ್ತಡವೇ ಇಲ್ಲ, ಒಳಗಿನ ಪದರ ಬಿಟ್ಟುಕೊಂಡು ಅದರ ಹಿಂದೆ ನೀರು, ರಕ್ತ ಸೇರಿದೆ ಎಂದರು. ಆಮೇಲೆ ನಮ್ಮ ಯಜಮಾನರ ಕಡೆ ತಿರುಗಿ ಕೇಳಿದರು, ಈ ಎರಡು ಮೂರು ದಿನದಲ್ಲಿ ಏನು ಮಾಡಿದಳು?

“ಏನೂ ಮಾಡಿಲ್ಲ ಸಾರ್,” ಎಂದರು ಅವರು. “ಮಂಚ ಬಿಟ್ಟು ಇಳಿದಿಲ್ಲ.”

ಡಾಕ್ಟರು ಡಾಕ್ಟರಮ್ಮನಿಗೆ ಹೇಳಿದರು. ಹಾಗಾದರೆ ಏನೂ ಮಾಡದೆಯೇ ಹೀಗಾಗಿದೆ, ಈ ಕಣ್ಣಿಗೆ ನಳಿಕೆ ಒಗ್ಗುತ್ತಿಲ್ಲ, ನಾಳೆ ಬೆಳಿಗ್ಗೆ ತೆಗೆದುಬಿಡೋಣ, ಬರೆದುಕೊಳ್ಳಿ. ನನಗೂ ಹೇಳಿದರು, ಮುಚ್ಚಿಡಲಿಲ್ಲ. ತೆಗೆದರೆ ಒತ್ತಡ ಮತ್ತೆ ಏರುತ್ತದೆ, ಇನ್ನೊಮ್ಮೆ ಕುಯ್ಯುವುದಕ್ಕೆ ಜಾಗ ಇಲ್ಲ, ನೋಟ ಉಳಿಯುತ್ತದೆ ಎಂದು ನಾನು ಹೇಳಲಾರೆ. ಆದರೆ ಬಿಟ್ಟರೆ ಕಣ್ಣೇ ಕುಗ್ಗಿಹೋಗಬಹುದು.

ಡಾಕ್ಟರಮ್ಮನ ಪೆನ್ನಿನ ಸದ್ದು ಕೇಳುತ್ತಿತ್ತು. ನಿಜ ಹೇಳಿದರೆ ನನ್ನ ಗಂಡ ಇಷ್ಟು ಜನರ ಮುಂದೆ ಸುಳ್ಳನಾಗುತ್ತಾನೆ. ಇಂಥ ಸ್ಥಿತಿಯಲ್ಲೂ ಸೊಸೆಯನ್ನು ಕೆಲಸಕ್ಕೆ ಹಚ್ಚಿದರು ಎಂಬ ಮಾತು ಅತ್ತೆಯ ತಲೆಗೆ ಬರುತ್ತದೆ. ಇದನ್ನೆಲ್ಲಾ ನಾನು ಲೋಟ ತೊಳೆದು ಬೋರಲು ಹಾಕಿದ ಹಾಗೆ ಒಂದೊಂದಾಗಿ ಯೋಚಿಸಿದೆ. ಪೆನ್ನು ಕಾಗದದ ಕೊನೆಗೆ ಬಂದಿತ್ತು.

“ಅವರು ಹೇಳಿದ್ದು ನಿಜ ಅಲ್ಲ ಸಾರ್,” ಎಂದೆ. “ಎರಡು ದಿನ ತಲೆ ಬಗ್ಗಿಸಿಕೊಂಡು ಹುಳ ಆರಿಸ್ದೆ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಹುಳ ಅಂದರೆ? ಆರಿಸುವುದು ಅಂದರೆ? ಹೇಗೆ ಕೂತಿದ್ದೆ? ನಾನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ವಾಸಿ ಎಂದು ಸ್ಟೂಲಿನ ಮೇಲೆಯೇ ಕಾಲು ಅಗಲಿಸಿ ಮುಂದಕ್ಕೆ ಬಗ್ಗಿದೆ. ಅವರು ನನ್ನ ಗದ್ದ ಹಿಡಿದರು, ಡಾಕ್ಟರಮ್ಮ ಹಿಂದಿನಿಂದ ಜುಟ್ಟು ಹಿಡಿದರು. ಕೊಳಕ್ಕೆ ಬೀಳುವ ಮಗುವನ್ನು ಹಿಡಿದ ಹಾಗೆ ಇಬ್ಬರೂ ನನ್ನ ತಲೆಯನ್ನು ಹಿಡಿದುಕೊಂಡು ನಿಂತಿದ್ದರು.

“ತೋರಿಸಬೇಡ ತಾಯಿ,” ಎಂದರು ದೊಡ್ಡ ಡಾಕ್ಟರು. “ಹೇಳು, ಸಾಕು.”

ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ನಡುವೆ ಎದ್ದಿದ್ದೆಯಾ, ಯಾವಾಗ ನೋವು ಬಂತು, ಎಲ್ಲವನ್ನೂ ಕೇಳಿದರು. ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ದಾರ ಬಿಚ್ಚಿಕೊಂಡ ಹೊತ್ತಿಗೇ ಹೋಗಿ ಬಗ್ಗಿದ್ದೀಯ ಎಂದರು. ಹಾಗಾದರೆ ತಪ್ಪು ನಳಿಕೆಯದಲ್ಲ. ತೆಗೆಯುವುದು ಬೇಡ, ಕಾದು ನೋಡೋಣ. ಡಾಕ್ಟರಮ್ಮ ಬರೆದದ್ದನ್ನು ಒಂದು ಗೆರೆ ಎಳೆದು ಹೊಡೆದುಹಾಕಿದರು. ಆ ಗೆರೆಯ ಸದ್ದೂ ನನಗೆ ಕೇಳಿಸಿತು. ಯಜಮಾನರು ಬಾಗಿಲ ಪಕ್ಕದಲ್ಲಿ ನಿಂತಿದ್ದರು.

ಹದಿಮೂರು ದಿನ ಹಾಸಿಗೆಯಲ್ಲಿಟ್ಟರು. ಬೆನ್ನ ಹಿಂದೆ ದಿಂಬು ಜೋಡಿಸಿ, ತಲೆ ಎತ್ತರದಲ್ಲಿ, ಕಣ್ಣಿಗೆ ಪಟ್ಟಿ. ಕಾದು ನೋಡುವುದು ಎಂದರೆ ಏನೂ ನೋಡದೆ ಕಾಯುವುದು. ಪಕ್ಕದ ಮಂಚದವಳು ದಿನವೂ ಅಳುತ್ತಿದ್ದಳು, ನರ್ಸು ಬೈಯುತ್ತಿದ್ದಳು. ನನ್ನನ್ನು ಕಂಡರೆ ನರ್ಸಿಗೆ ಪ್ರೀತಿ, ಇವಳೊಬ್ಬಳು ತೊಂದರೆ ಕೊಡುವುದಿಲ್ಲ ಎಂದು. ತೊಂದರೆ ಕೊಡುವುದಕ್ಕೆ ಒಳಗೆ ಯಾರಾದರೂ ಇರಬೇಕಲ್ಲ. ಯಜಮಾನರು ವರಾಂಡದಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ಬಂದು ಮುಖ ಒರೆಸಿ, ಇಡ್ಲಿ ಚೂರು ಮಾಡಿ ಬಾಯಿಗಿಡುವರು. ಸಾಕಾ, ಬೇಕಾ, ಅಷ್ಟೇ ಮಾತು. ನನ್ನ ಮೇಲೆ ಕೋಪವೋ, ನಾಚಿಕೆಯೋ ಗೊತ್ತಾಗುತ್ತಿರಲಿಲ್ಲ. ಮುಖ ಕಾಣುತ್ತಿರಲಿಲ್ಲವಲ್ಲ.

ಐದನೇ ದಿನವೋ ಆರನೇ ದಿನವೋ ಅತ್ತೆ ಬಂದರು. ಗೂಡು ಬಿಡಿಸಿ ಕೊಟ್ಟು, ಮನೆಗೆ ಬೀಗ ಹಾಕಿ, ಹುಟ್ಟಿದ ಮೇಲೆ ಮೊದಲನೇ ಸಲ ಬೆಂಗಳೂರಿಗೆ ಬಂದಿದ್ದರು. ಹುರಿಹಿಟ್ಟಿನ ವಾಸನೆಯಿಂದಲೇ ಅವರು ಬಂದದ್ದು ಗೊತ್ತಾಯಿತು. ಮಂಚದ ಅಂಚಿನಲ್ಲಿ ಕೂತರು.

“ನಾನೇ ಕರೆದಿದ್ದು ಕಣೇ ನಿನ್ನ.”

“ನೀವು ಕರೀಲಿಲ್ಲ ಅತ್ತೆ. ನಾನೇ ಎದ್ದು ಬಂದೆ.”

“ಬಾಗಿಲಲ್ಲಿ ಬಂದು ನಿಂತೆ ಅಲ್ವೇನೇ? ಅತ್ತೆ ಬಾಗಿಲಲ್ಲಿ ನಿಂತ್ರೆ ಕರೆದಂಗೇ.”

“ನಿಮ್ಮ ಮನೆ ಬಾಗಿಲು, ನೀವು ನಿಂತ್ರಿ.”

“ನಿನ್ನ ನಾಲಿಗೆಗೆ ಏನೂ ಆಗಿಲ್ಲ ಬಿಡು,” ಎಂದರು ಅತ್ತೆ. ಆಮೇಲೆ ತೆಲುಗಿಗೆ ತಿರುಗಿ, ಪಟ್ಟಿ ಕಟ್ಟಿದ ನನ್ನ ಕಣ್ಣಿಗೆ ನೇರವಾಗಿ, “ಪೋಕು ತಲ್ಲಿ, ಪೋಕು,” ಎಂದರು. ಹೋಗಬೇಡ ತಾಯಿ ಎಂದು. ಕರು ಹಾಕಲು ಒದ್ದಾಡುವ ಹಸುವಿನ ಹತ್ತಿರ ಕೂತು ಅವರು ಹೀಗೇ ಹೇಳುವುದನ್ನು ನಾನು ಕೇಳಿದ್ದೆ.

ಹದಿಮೂರನೇ ದಿನ ಪಟ್ಟಿ ಬಿಚ್ಚಿ ಡಾಕ್ಟರಮ್ಮ ಬೆರಳು ತೋರಿಸಿದರು. ಎರಡು ಎಂದೆ. ಬಲಕ್ಕೆ ಸರಿಸಿದರು, ಕಾಣಲಿಲ್ಲ. ಮೇಲಕ್ಕೆ ಎತ್ತಿದರು, ಕಾಣಲಿಲ್ಲ. ಮತ್ತೆ ನಡುವಿಗೆ ತಂದರು, ಮೂರು ಎಂದೆ. ಕಪ್ಪು ದಿಣ್ಣೆಗಳು ಇಳಿದಿದ್ದವು. ಒತ್ತಡ ನಿಂತ ಕಡೆ ನಿಂತಿತ್ತು. ನಳಿಕೆ ಕೆಲಸ ಮಾಡುತ್ತಿದೆ ಎಂದರು ದೊಡ್ಡ ಡಾಕ್ಟರು. ಆ ಎರಡು ದಿನದಲ್ಲಿ ಹೋದ ನೋಟ ಹೋಯಿತು, ಅದು ಬರುವುದಿಲ್ಲ, ಇರುವುದು ಇರುತ್ತದೆ ಎಂದೂ ಹೇಳಿದರು. ಇರುವುದು ಎಂದರೆ, ಜರಡಿಯ ಬಳೆಯಷ್ಟು ಅಗಲದ ಲೋಕ. ಅದರೊಳಗೆ ಬಂದದ್ದು ಚೊಕ್ಕವಾಗಿ ಕಾಣುತ್ತದೆ. ಇಷ್ಟು ವರ್ಷವೂ ಅದು ಅಷ್ಟೇ ಇದೆ, ಕಡಿಮೆಯಾಗಿಲ್ಲ. ಅದರಲ್ಲೇ ಹೆಣ್ಣುಮಕ್ಕಳ ಮದುವೆ ನೋಡಿದೆ. ಇದನ್ನು ಬರೆಯುತ್ತಿರುವುದೂ ಅದರಲ್ಲೇ.

ಒಂದು ಮಾತು ಮಾತ್ರ ಹೇಳುತ್ತೇನೆ, ನನ್ನ ಹಾಗೆ ಬೆಂಚಿನ ಮೇಲೆ ಕೂತವರಿಗೆ. ಡಾಕ್ಟರು ಏನು ಮಾಡುತ್ತೀಯಾ ಎಂದು ಕೇಳಿದರೆ ಎಲ್ಲವನ್ನೂ ಹೇಳಿ. ಮನೆಯಲ್ಲಿ ಯಾರೂ ಕೆಲಸ ಎಂದು ಎಣಿಸದ ಕೆಲಸವನ್ನು ಮೊದಲು ಹೇಳಿ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಮಾಡಬಾರದ್ದನ್ನೆಲ್ಲಾ ಮತ್ತೊಮ್ಮೆ ಹೇಳಿದರು. ಇನ್ನೇನಾದರೂ ಕೇಳುವುದಿದೆಯಾ ಎಂದರು.

“ಅಳಬಹುದಾ?” ಎಂದು ಕೇಳಿದೆ.

ಅವರು ಸ್ವಲ್ಪ ಯೋಚನೆ ಮಾಡಿದರು. “ಅಳಬಹುದು,” ಎಂದರು. “ಅದರಿಂದ ಏನೂ ಆಗಲ್ಲ.”

ಕೋಲಾರದ ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ಕೂತು ಆಗಲೇ ತೂಕಡಿಸುತ್ತಿದ್ದರು. ನಾವಿಬ್ಬರೂ ಹಿಂದೆ. ಬಿಸಿಲು ಕಿಟಕಿಯಿಂದ ತೊಡೆಯ ಮೇಲೆ ಬಿದ್ದಿತ್ತು. ಅಪ್ಪಣೆ ಸಿಕ್ಕಿದೆಯಲ್ಲ ಎಂದು ನಾನು ಅಳಲು ನೋಡಿದೆ. ಕಳೆದುಕೊಂಡದ್ದನ್ನೆಲ್ಲಾ ಒಂದೊಂದಾಗಿ ನೆನೆಸಿಕೊಂಡೆ. ಬರಲಿಲ್ಲ. ಹೊಸಕೋಟೆ ದಾಟಿತು, ಬರಲಿಲ್ಲ. ಸುಮ್ಮನಾದೆ.

ಆಗ ಸೀಟು ಅಲುಗಿತು. ರಸ್ತೆಯ ಅಲುಗಾಟವಲ್ಲ ಅದು. ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಿತ್ತು, ಆದರೂ ಸೀಟು ಅಲುಗುತ್ತಿತ್ತು. ನಮ್ಮ ಯಜಮಾನರು ಹತ್ತುವಾಗ ನನ್ನನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ, ತಾವು ನನ್ನ ಎಡಗಡೆ ಕೂತಿದ್ದರು. ಆ ಕಡೆ ನನಗೆ ಏನೂ ಕಾಣುವುದಿಲ್ಲ ಎಂದು ಅವರಿಗೆ ಗೊತ್ತು. ಬಾಯಿಗೆ ಟವಲು ಒತ್ತಿಕೊಂಡಿದ್ದರು ಎಂದು ಕಾಣುತ್ತದೆ, ಉಸಿರು ಬಟ್ಟೆಯ ಒಳಗೆ ಸಿಕ್ಕಿ ಸಿಕ್ಕಿ ಬರುತ್ತಿತ್ತು.

ಕತ್ತು ತಿರುಗಿಸಬಾರದು ಎಂದು ಡಾಕ್ಟರು ಹೇಳಿರಲಿಲ್ಲ. ತಿರುಗಿಸಿದ್ದರೆ ಕಾಣುತ್ತಿತ್ತು. ನಾನು ತಿರುಗಿಸಲಿಲ್ಲ. ರೈಲು ಬಂತು, ಹೋಯಿತು, ಗೇಟು ತೆಗೆದರು. ನಾನು ನೇರವಾಗಿ ಮುಂದೆ ನೋಡುತ್ತಾ, ಅವರಿಗೆ ಬೇಕಾದಷ್ಟು ಹೊತ್ತು, ಏನೂ ಕಾಣದವಳ ಹಾಗೆ ಕೂತಿದ್ದೆ.